ಶ್ರೀಗಂಧ: ನೆರೆಯ ಬೇರನ್ನು ಆಶ್ರಯಿಸಿ ಬದುಕುವ ಮರ
(ಸಾರ್ವಜನಿಕರ ಹಾಗೂ ಶ್ರೀಗಂಧ ಬೆಳೆಯಲಿಚ್ಛಿಸುವ ಅರ್ಜಿದಾರರ ಮಾಹಿತಿಗಾಗಿ)

1. ಪೀಠಿಕೆ

ಕರ್ನಾಟಕವನ್ನು ಗಂಧದ ನಾಡು ಎಂದು ಕರೆಯುವ ವಾಡಿಕೆ ಬಹಳ ಹಿಂದಿನಿಂದಲೂ ಇದೆ. ದೇವರ ಪೂಜೆಯ ಗಂಧದಿಂದ ಹಿಡಿದು ಸಾಗರ, ಸೊರಬ ಭಾಗದ ಗುಡಿಗಾರರ ಕೆತ್ತನೆಯವರೆಗೆ, ಸುಗಂಧ ತೈಲದಿಂದ ಹಿಡಿದು ಸಾಬೂನಿನವರೆಗೆ ಶ್ರೀಗಂಧವು ನಾಡಿನ ಜನಜೀವನದಲ್ಲಿ ಬೆರೆತಿದೆ. ಆದರೆ ಈ ಮರವು ಒಂದು ಪರಾವಲಂಬಿ ಸಸ್ಯವೆಂಬ ಸಂಗತಿ, ಅಂದರೆ ನೆರೆಯ ಗಿಡಮರಗಳ ಬೇರುಗಳಿಂದ ನೀರು ಮತ್ತು ಪೋಷಕಾಂಶಗಳನ್ನು ಹೀರಿಕೊಂಡು ಬದುಕುತ್ತದೆಂಬ ಸಂಗತಿ, ಅನೇಕರಿಗೆ ತಿಳಿದಿರುವುದಿಲ್ಲ.

ಇದು ಕೇವಲ ಸಸ್ಯಶಾಸ್ತ್ರದ ಕುತೂಹಲವಲ್ಲ. ಶ್ರೀಗಂಧದ ಸಸಿಗಳನ್ನು ಮಾವು ಅಥವಾ ತೇಗದ ಸಸಿಗಳಂತೆ ಭಾವಿಸಿ, ಬಯಲು ಮಾಡಿದ ಜಮೀನಿನಲ್ಲಿ ಒಂಟಿಯಾಗಿ ನೆಟ್ಟಲ್ಲಿ ಅವು ಮೊದಲ ವರ್ಷ ಹಸಿರಾಗಿಯೇ ಇದ್ದು, ತದನಂತರ ಸೊರಗಿ ಒಣಗುವ ಸಂಭವ ಹೆಚ್ಚು. ಸಸಿಯ ಬೆಲೆ, ಬೇಲಿಯ ವೆಚ್ಚ, ಕೂಲಿ ಹಾಗೂ ವರ್ಷಗಳ ಕಾಯುವಿಕೆ ಎಲ್ಲವೂ ನಷ್ಟವಾಗುತ್ತದೆ. ಆದ್ದರಿಂದ ಸಸಿಗಳಿಗಾಗಿ ಅರ್ಜಿ ಸಲ್ಲಿಸುವ ಮುನ್ನ ಈ ಮರದ ಬದುಕಿನ ಕ್ರಮವನ್ನು ಅರಿತುಕೊಳ್ಳುವುದು ಅವಶ್ಯಕ. ಈ ಉದ್ದೇಶದಿಂದ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಪರಾವಲಂಬಿ ಸಸ್ಯ ಎಂದರೇನು?

ಸಾಮಾನ್ಯವಾಗಿ ಹಸಿರು ಸಸ್ಯಗಳು ಬೇರಿನ ಮೂಲಕ ಮಣ್ಣಿನಿಂದ ನೀರು ಹಾಗೂ ಲವಣಗಳನ್ನು ಪಡೆದು, ಸೂರ್ಯನ ಬೆಳಕಿನ ನೆರವಿನಿಂದ ಎಲೆಗಳಲ್ಲಿ ಆಹಾರವನ್ನು ತಯಾರಿಸಿಕೊಳ್ಳುತ್ತವೆ. ಈ ಅಗತ್ಯಗಳ ಪೈಕಿ ಕೆಲವನ್ನು ಅಥವಾ ಎಲ್ಲವನ್ನೂ ಮತ್ತೊಂದು ಜೀವಂತ ಸಸ್ಯದಿಂದ ನೇರವಾಗಿ ಹೀರಿಕೊಳ್ಳುವ ಸಸ್ಯಗಳನ್ನು ಪರಾವಲಂಬಿ ಸಸ್ಯಗಳೆಂದು ಕರೆಯಲಾಗುತ್ತದೆ. ಯಾವ ಸಸ್ಯದಿಂದ ಹೀರಲಾಗುತ್ತದೆಯೋ ಅದನ್ನು ಆಶ್ರಯದಾತ ಸಸ್ಯ ಎನ್ನಲಾಗುತ್ತದೆ. ಹೂ ಬಿಡುವ ಸಸ್ಯಗಳಲ್ಲಿ 4,000ಕ್ಕೂ ಹೆಚ್ಚು ಪ್ರಭೇದಗಳು, ಅಂದರೆ ಶೇಕಡಾ 1ರಷ್ಟು, ಈ ರೀತಿ ಬದುಕುತ್ತವೆ.

ಪರಾವಲಂಬಿ ಸಸ್ಯಗಳನ್ನು ಮುಖ್ಯವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು.

ಅ) ಪೂರ್ಣ ಪರಾವಲಂಬಿಗಳು: ಇವುಗಳಲ್ಲಿ ಪತ್ರಹರಿತ್ತು ಇರುವುದಿಲ್ಲ. ತಯಾರಾದ ಆಹಾರವನ್ನೂ ಸಹ ಆಶ್ರಯದಾತ ಸಸ್ಯದಿಂದಲೇ ಪಡೆಯುತ್ತವೆ. ತಂಬಾಕಿನ ಹೊಲದಲ್ಲಿ ಬೇರಿನಿಂದ ಎದ್ದು ಬರುವ ಓರೊಬ್ಯಾಂಕಿ ಕಳೆ ಹಾಗೂ ಆಗ್ನೇಯ ಏಷ್ಯಾದ ಕಾಡುಗಳಲ್ಲಿ ಅತಿ ದೊಡ್ಡ ಹೂವನ್ನು ಬಿಡುವ ರಾಫ್ಲೀಸಿಯಾ ಇದಕ್ಕೆ ಉದಾಹರಣೆಗಳು.

ಆ) ಅರೆ ಪರಾವಲಂಬಿಗಳು: ಇವುಗಳಲ್ಲಿ ಹಸಿರು ಎಲೆಗಳಿರುತ್ತವೆ. ಆಹಾರದ ಬಹುಪಾಲನ್ನು ತಾವೇ ತಯಾರಿಸಿಕೊಳ್ಳುತ್ತವೆ. ಆದರೆ ಅದಕ್ಕೆ ಬೇಕಾದ ನೀರು, ಲವಣ ಹಾಗೂ ಸಾರಜನಕಕ್ಕಾಗಿ ಬೇರೆ ಸಸ್ಯವನ್ನು ಅವಲಂಬಿಸುತ್ತವೆ. ಮಾವು, ಹೊಂಗೆ ಮುಂತಾದ ಮರಗಳ ಕೊಂಬೆಗಳ ಮೇಲೆ ಬೆಳೆಯುವ ಬದನಿಕೆ ಈ ವರ್ಗಕ್ಕೆ ಸೇರುತ್ತದೆ.

ಶ್ರೀಗಂಧವೂ ಅರೆ ಪರಾವಲಂಬಿಯೇ. ಸಸ್ಯಶಾಸ್ತ್ರದ ವರ್ಗೀಕರಣದಂತೆ ಬದನಿಕೆ ಮತ್ತು ಶ್ರೀಗಂಧ ಒಂದೇ ಗಣಕ್ಕೆ ಸೇರಿದ ಬಂಧುಗಳು. ವ್ಯತ್ಯಾಸವೆಂದರೆ, ಬದನಿಕೆಯು ಕೊಂಬೆಯನ್ನು ಹಿಡಿಯುತ್ತದೆ ಮತ್ತು ಎಲ್ಲರ ಕಣ್ಣಿಗೆ ಬೀಳುತ್ತದೆ. ಶ್ರೀಗಂಧವು ಬೇರನ್ನು ಹಿಡಿಯುತ್ತದೆ. ಅದರ ಕೆಲಸವೆಲ್ಲ ಮಣ್ಣಿನ ಒಳಗೆ ನಡೆಯುತ್ತದೆ. ಹೊರನೋಟಕ್ಕೆ ಅದು ಸ್ವತಂತ್ರವಾಗಿ ನಿಂತ ಮರದಂತೆಯೇ ಕಾಣುತ್ತದೆ. ಈ ಕಾರಣದಿಂದಲೇ ಶತಮಾನಗಳ ಕಾಲ ಬಳಕೆಯಲ್ಲಿದ್ದ ಈ ಮರದ ಪರಾವಲಂಬನೆಯು ವಿಜ್ಞಾನಿಗಳ ಗಮನಕ್ಕೆ ಬಂದದ್ದು 19ನೆಯ ಶತಮಾನದಲ್ಲಿ. 1871ರಲ್ಲಿ ಕಲ್ಕತ್ತಾದ ಸಸ್ಯೋದ್ಯಾನದಲ್ಲಿದ್ದ ಜಾನ್ ಸ್ಕಾಟ್ ಇದನ್ನು ವರದಿ ಮಾಡಿದರು. 20ನೆಯ ಶತಮಾನದ ಮೊದಲ ದಶಕದಲ್ಲಿ ಮದರಾಸು ಸರ್ಕಾರದ ಸಸ್ಯಶಾಸ್ತ್ರಜ್ಞರಾಗಿದ್ದ ಸಿ.ಎ. ಬಾರ್ಬರ್ ಅವರು ಶ್ರೀಗಂಧದ ಬೇರುಗಳನ್ನು ಕೂಲಂಕಷವಾಗಿ ಅಧ್ಯಯನ ಮಾಡಿ ವಿವರವಾದ ಪ್ರಬಂಧಗಳನ್ನು ಪ್ರಕಟಿಸಿದರು.

3. ಸಸ್ಯ ಪರಿಚಯ

ಶ್ರೀಗಂಧದ ಸಸ್ಯಶಾಸ್ತ್ರೀಯ ಹೆಸರು ಸ್ಯಾಂಟಾಲಮ್ ಆಲ್ಬಮ್. ಇದು ಸ್ಯಾಂಟಲೇಸಿ ಕುಟುಂಬಕ್ಕೆ ಸೇರಿದ, ಸದಾ ಹಸಿರಾಗಿರುವ ಮಧ್ಯಮ ಗಾತ್ರದ ಮರ. ಭಾರತದಲ್ಲಿ ಇದರ ನೈಸರ್ಗಿಕ ನೆಲೆಯ ಬಹುಪಾಲು ಕರ್ನಾಟಕ ಮತ್ತು ತಮಿಳುನಾಡುಗಳಲ್ಲಿದೆ. ಕೇರಳದ ಮರಯೂರು ಹಾಗೂ ಆಂಧ್ರಪ್ರದೇಶದ ಕೆಲವೆಡೆಗಳಲ್ಲಿಯೂ ಕಂಡುಬರುತ್ತದೆ. ಭಾರತದ ಹೊರಗೆ ಇಂಡೋನೇಷ್ಯಾ ಮತ್ತು ತಿಮೋರ್ ದ್ವೀಪಗಳಲ್ಲಿಯೂ ಇದು ಬೆಳೆಯುತ್ತದೆ.

ಸಮುದ್ರ ಮಟ್ಟದಿಂದ ಸುಮಾರು 600 ರಿಂದ 1,000 ಮೀಟರ್ ಎತ್ತರದ, ನೀರು ಬಸಿದು ಹೋಗುವ ಕೆಂಪು ಮಣ್ಣಿನ ಪ್ರದೇಶಗಳು ಇದಕ್ಕೆ ಹೆಚ್ಚು ಸೂಕ್ತ. ಮಳೆ ಸಾಧಾರಣವಾಗಿದ್ದರೆ ಸಾಕು. ನೀರು ನಿಲ್ಲುವ ಜಮೀನಿನಲ್ಲಿ ಈ ಮರ ಬಾಳುವುದಿಲ್ಲ.

ಹೂಗಳು ಚಿಕ್ಕವು. ಅರಳಿದಾಗ ಹಳದಿ ಮಿಶ್ರಿತ ಹಸಿರು ಬಣ್ಣವಿದ್ದು, ಕ್ರಮೇಣ ನೇರಳೆ ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತವೆ. ಮರದ ಹೆಸರೇ ಗಂಧವಾದರೂ ಹೂವಿಗೆ ಸುವಾಸನೆ ಇರುವುದಿಲ್ಲ. ಸುವಾಸನೆ ಇರುವುದು ಕಾಂಡ ಹಾಗೂ ಬೇರುಗಳ ಚೇಗಿನಲ್ಲಿ ಮಾತ್ರ. ಹಣ್ಣು ದುಂಡಗಿದ್ದು, ಮಾಗಿದಾಗ ಕಪ್ಪು ಮಿಶ್ರಿತ ನೇರಳೆ ಬಣ್ಣ ತಾಳುತ್ತದೆ. ಒಂದು ಹಣ್ಣಿನಲ್ಲಿ ಒಂದೇ ಬೀಜವಿರುತ್ತದೆ. ಒಂದು ಕಿಲೋಗ್ರಾಂ ತೂಕಕ್ಕೆ ಸುಮಾರು 6,000 ಬೀಜಗಳು ಬರುತ್ತವೆ.

4. ಹೀರುಬೇರು: ಮಣ್ಣಿನೊಳಗಿನ ಕೊಂಡಿ

ಶ್ರೀಗಂಧದ ಬದುಕಿನ ಗುಟ್ಟು ಇರುವುದು ಅದರ ಹೀರುಬೇರುಗಳಲ್ಲಿ. ಶ್ರೀಗಂಧದ ಎಳೆಯ ಬೇರು ಮಣ್ಣಿನಲ್ಲಿ ಹರಡುತ್ತಾ ಮತ್ತೊಂದು ಸಸ್ಯದ ಬೇರಿನ ಸಮೀಪಕ್ಕೆ ಬಂದಾಗ, ಬೇರಿನ ಪಕ್ಕದಲ್ಲಿ ಕಾಳಿನಂತಹ ಸಣ್ಣ ಗಂಟು ಮೂಡುತ್ತದೆ. ಈ ಗಂಟು ಬೆಳೆದು ಗಂಟೆಯಾಕಾರ ತಾಳಿ, ತನ್ನ ಅಂಚುಗಳಿಂದ ಆಶ್ರಯದಾತ ಬೇರನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಅನಂತರ ಗಂಟಿನ ನಡುವಿನಿಂದ ಮೊಳೆಯಂತಹ ಭಾಗವೊಂದು ಹೊರಟು ಆಶ್ರಯದಾತ ಬೇರಿನ ತೊಗಟೆಯನ್ನು ಭೇದಿಸಿ, ನೀರು ಸಾಗುವ ನಾಳಗಳಿರುವ ಒಳಕಟ್ಟಿಗೆಯನ್ನು ತಲುಪುತ್ತದೆ. ಅಲ್ಲಿಂದ ನೀರು, ಖನಿಜ ಲವಣಗಳು ಹಾಗೂ ಸಾರಜನಕಯುಕ್ತ ವಸ್ತುಗಳು ಶ್ರೀಗಂಧದ ಬೇರಿಗೆ ಹರಿಯತೊಡಗುತ್ತವೆ.

ಈ ಹರಿವು ಒಂದೇ ದಿಕ್ಕಿನಲ್ಲಿ ಏಕೆ ನಡೆಯುತ್ತದೆ ಎಂಬ ಪ್ರಶ್ನೆ ಸಹಜ. ಅರೆ ಪರಾವಲಂಬಿ ಸಸ್ಯಗಳು ತಮ್ಮ ಎಲೆಗಳಿಂದ ಹೆಚ್ಚಿನ ಪ್ರಮಾಣದಲ್ಲಿ ನೀರನ್ನು ಆವಿಯಾಗಿ ಬಿಡುತ್ತವೆ ಮತ್ತು ಜೀವಕೋಶಗಳ ರಸವನ್ನು ಹೆಚ್ಚು ಸಾಂದ್ರವಾಗಿ ಇಟ್ಟುಕೊಳ್ಳುತ್ತವೆ. ಇದರಿಂದ ಆಶ್ರಯದಾತ ಗಿಡಕ್ಕಿಂತ ಪರಾವಲಂಬಿಯ ಕಡೆಯ ಸೆಳೆತ ಹೆಚ್ಚಾಗಿ, ನೀರು ಆ ಕಡೆಗೆ ಸಾಗುತ್ತದೆ.

ಶ್ರೀಗಂಧಕ್ಕೆ ಹಸಿರು ಎಲೆಗಳಿವೆ, ತನ್ನದೇ ಬೇರುಗಳೂ ಇವೆ. ಆದರೂ ಆ ಬೇರುಗಳಷ್ಟರಿಂದಲೇ ಮರವಾಗಿ ಬೆಳೆಯುವಷ್ಟು ಪೋಷಣೆ ದೊರೆಯುವುದಿಲ್ಲ. ಆದಕಾರಣ ಅದು ಒಂದೇ ಗಿಡವನ್ನು ನೆಚ್ಚಿಕೊಳ್ಳುವುದಿಲ್ಲ. ತನ್ನ ಬೇರುಗಳನ್ನು ಹಲವು ಮೀಟರ್ ದೂರದವರೆಗೆ ಹರಡಿ, ಸುತ್ತಲಿನ ಹುಲ್ಲು, ಪೊದೆ, ಮರಗಳೆಲ್ಲದರ ಬೇರುಗಳಿಗೂ ಕೊಂಡಿ ಹಾಕುತ್ತದೆ. 300ಕ್ಕೂ ಹೆಚ್ಚು ಜಾತಿಯ ಸಸ್ಯಗಳು ಅದಕ್ಕೆ ಆಶ್ರಯ ನೀಡುವುದು ದಾಖಲಾಗಿದೆ. ಒಂದು ಶ್ರೀಗಂಧ ಮರದ ಬೇರು ಮತ್ತೊಂದು ಶ್ರೀಗಂಧ ಮರದ ಬೇರನ್ನು ಹಿಡಿಯುವುದೂ ಉಂಟು. ಹೊರೆಯು ಹೀಗೆ ಹಲವು ಗಿಡಗಳಿಗೆ ಹಂಚಿಹೋಗುವುದರಿಂದ, ಕಾಡಿನಲ್ಲಿ ಯಾವುದೇ ಒಂದು ಆಶ್ರಯದಾತ ಮರವು ಶ್ರೀಗಂಧದಿಂದಾಗಿ ಸಾಯುವುದು ಅಪರೂಪ. ಆಶ್ರಯದಾತವನ್ನು ಕೊಂದರೆ ಪರಾವಲಂಬಿಗೂ ಬದುಕಿಲ್ಲ.

5. ಕಾಡಿನಲ್ಲಿ ಶ್ರೀಗಂಧ ಹುಟ್ಟಿ ಬೆಳೆಯುವ ಬಗೆ

ಶ್ರೀಗಂಧದ ಬೀಜಕ್ಕೆ ಇತರ ಬೀಜಗಳಿಗಿರುವಂತಹ ಬೀಜಕವಚ ಇರುವುದಿಲ್ಲ. ಹಣ್ಣಿನ ಒಳಪದರವೇ ಗಟ್ಟಿಯಾದ ಓಡಾಗಿ ಅದನ್ನು ರಕ್ಷಿಸುತ್ತದೆ. ಒಳಗೆ ಎಣ್ಣೆಯಂಶವುಳ್ಳ ಆಹಾರ ಸಂಗ್ರಹ ಇರುತ್ತದೆ. ಮೊಳಕೆಯೊಡೆದ ಸಸಿಯು ಆರಂಭದ ದಿನಗಳನ್ನು ಈ ಬುತ್ತಿಯ ಮೇಲೆ ಕಳೆಯುತ್ತದೆ. ಸುಮಾರು ಒಂದು ತಿಂಗಳಲ್ಲಿಯೇ ಬೇರುಗಳಲ್ಲಿ ಹೀರುಬೇರುಗಳು ಮೂಡಲಾರಂಭಿಸುತ್ತವೆ. ಅಷ್ಟರೊಳಗೆ ಅಥವಾ ಮುಂದಿನ ಕೆಲವು ತಿಂಗಳುಗಳಲ್ಲಿ ನೆರೆಯ ಬೇರು ದೊರೆತರೆ ಸಸಿಯು ಚೇತರಿಸಿ ಬೆಳೆಯುತ್ತದೆ. ದೊರೆಯದಿದ್ದಲ್ಲಿ ಎಲೆಗಳು ಹಳದಿಯಾಗಿ, ಬೆಳವಣಿಗೆ ನಿಂತು, ಕೊನೆಗೆ ಸಾಯುತ್ತದೆ.

ಹಾಗಾದರೆ ಕಾಡಿನಲ್ಲಿ ಬೀಜವು ಸರಿಯಾದ ಸ್ಥಳಕ್ಕೆ ಬೀಳುವುದು ಹೇಗೆ? ಈ ಕೆಲಸವನ್ನು ಹಕ್ಕಿಗಳು ಮಾಡುತ್ತವೆ. ಕೋಗಿಲೆ, ಪಿಕಳಾರ ಮುಂತಾದ ಹಕ್ಕಿಗಳು ಹಣ್ಣನ್ನು ನುಂಗಿ, ಪೊದೆ, ಬೇಲಿ, ಬಿದಿರು ಮೆಳೆಗಳ ಮೇಲೆ ಕುಳಿತು ಬೀಜವನ್ನು ಕೆಳಗೆ ಹಾಕುತ್ತವೆ. ಮುಳ್ಳು ಪೊದೆಯ ಬುಡದಲ್ಲಿ ಬಿದ್ದ ಬೀಜಕ್ಕೆ ಮೂರು ಅನುಕೂಲಗಳು ಏಕಕಾಲಕ್ಕೆ ದೊರೆಯುತ್ತವೆ: ಹಿಡಿಯಲು ಬೇರು, ಎಳೆಯ ವಯಸ್ಸಿನಲ್ಲಿ ಬೇಕಾದ ಅರೆನೆರಳು ಮತ್ತು ಜಾನುವಾರುಗಳಿಂದ ರಕ್ಷಣೆ. ಹಳ್ಳಿಗಳಲ್ಲಿ ಹೊಲದ ಬದು ಮತ್ತು ಬೇಲಿಗಳ ಸಾಲಿನಲ್ಲಿ ಶ್ರೀಗಂಧವು ತಾನಾಗಿಯೇ ಹುಟ್ಟುವುದಕ್ಕೆ ಇದೇ ಕಾರಣ. ಪೊದೆಗಳನ್ನು ಪೂರ್ಣವಾಗಿ ಸವರಿ ಸ್ವಚ್ಛಗೊಳಿಸಿದ ಕಡೆಗಳಲ್ಲಿ ಹೊಸ ಸಸಿಗಳು ಕಾಣದಿರುವುದಕ್ಕೂ ಇದೇ ಕಾರಣ.

ಶ್ರೀಗಂಧವು ಬೇರುಗಳಿಂದಲೂ ಚಿಗುರುತ್ತದೆ. ಮರವನ್ನು ತೆಗೆದ ನಂತರ ಮಣ್ಣಿನಲ್ಲಿ ಉಳಿದ ಬೇರಿನ ತುಂಡುಗಳಿಂದ ಹೊಸ ಚಿಗುರುಗಳು ಬರುವುದನ್ನು ಕಾಣಬಹುದು. ಆದರೆ ಎಳೆಯ ಗಿಡಗಳು ಬೆಂಕಿಯನ್ನು ತಡೆದುಕೊಳ್ಳಲಾರವು. ಕಾಡ್ಗಿಚ್ಚು ಬಿದ್ದ ಪ್ರದೇಶದಲ್ಲಿ ಅವು ಆಶ್ರಯದಾತ ಪೊದೆಗಳ ಜೊತೆಗೇ ನಾಶವಾಗುತ್ತವೆ.

6. ಆಶ್ರಯದಾತ ಗಿಡಗಳ ಆಯ್ಕೆ

ಕಾಡಿನಲ್ಲಿ ಪ್ರಕೃತಿಯೇ ಒದಗಿಸುವ ಆಶ್ರಯವನ್ನು ಜಮೀನಿನಲ್ಲಿ ಬೆಳೆಗಾರರೇ ಒದಗಿಸಬೇಕಾಗುತ್ತದೆ. ಇದನ್ನು ಮೂರು ಹಂತಗಳಲ್ಲಿ ಯೋಜಿಸುವುದು ಸೂಕ್ತ.

ಮೊದಲನೆಯ ಹಂತ (ಸಸ್ಯಕ್ಷೇತ್ರದ ಚೀಲದಲ್ಲಿ): ಸಸಿಯು ಇನ್ನೂ ಪಾಲಿಥೀನ್ ಚೀಲದಲ್ಲಿರುವಾಗಲೇ ಅದರ ಜೊತೆಗೆ ತೊಗರಿ ಅಥವಾ ಹೊನಗೊನ್ನೆಯ ಜಾತಿಯ ಸಣ್ಣ ಗಿಡವನ್ನು ಬೆಳೆಸಲಾಗುತ್ತದೆ. ಈ ಗಿಡವು ಶ್ರೀಗಂಧದ ಸಸಿಗೆ ನೆರಳು ಕವಿಯದಂತೆ ಆಗಾಗ್ಗೆ ಚಿವುಟುತ್ತಿರಬೇಕು. ಸಸಿಗಳನ್ನು ಪಡೆಯುವಾಗ ಚೀಲದಲ್ಲಿ ಎರಡು ಗಿಡಗಳಿದ್ದರೆ ಅದನ್ನು ಕಳೆಯೆಂದು ತಿಳಿದು ಕಿತ್ತುಹಾಕಬಾರದು.

ಎರಡನೆಯ ಹಂತ (ನೆಟ್ಟ ಮೊದಲ ಕೆಲವು ವರ್ಷಗಳು): ಬೇಗ ಬೆಳೆಯುವ ತೊಗರಿ, ಅಗಸೆ ಮರ, ಗ್ಲಿರಿಸಿಡಿಯ ಮುಂತಾದವನ್ನು ಶ್ರೀಗಂಧದ ಹತ್ತಿರದಲ್ಲಿ ಬೆಳೆಸಬೇಕು. ದ್ವಿದಳ ಧಾನ್ಯಗಳ ಕುಟುಂಬದ ಗಿಡಗಳು ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದಿಡುವುದರಿಂದ ಉತ್ತಮ ಆಶ್ರಯದಾತಗಳೆನಿಸಿವೆ. ಇವು ಅಲ್ಪಾಯುಷಿಗಳಾದ್ದರಿಂದ, ಇವುಗಳ ಆಯುಷ್ಯ ಮುಗಿಯುವ ಮುನ್ನವೇ ಮೂರನೆಯ ಹಂತದ ಗಿಡಗಳು ಬೇರೂರಿರಬೇಕು.

ಮೂರನೆಯ ಹಂತ (ದೀರ್ಘಕಾಲ): ಹೊಂಗೆ, ಸರ್ವೆ, ಬೀಟೆ, ಕಕ್ಕೆ, ನೆಲ್ಲಿ ಮುಂತಾದ ದೀರ್ಘಾಯುಷಿ ಮರಗಳನ್ನು ಶ್ರೀಗಂಧದ ಸಾಲುಗಳ ನಡುವೆ ನೆಡಬೇಕು. ಶ್ರೀಗಂಧವು ತನ್ನ ಆಯುಷ್ಯದ ಬಹುಭಾಗವನ್ನು ಇವುಗಳ ಜೊತೆಯಲ್ಲಿ ಕಳೆಯುತ್ತದೆ.

ಪಶ್ಚಿಮ ಆಸ್ಟ್ರೇಲಿಯಾದ ಕನನರಾ ಪ್ರದೇಶದಲ್ಲಿ ಭಾರತೀಯ ಶ್ರೀಗಂಧವನ್ನು ದೊಡ್ಡ ಪ್ರಮಾಣದಲ್ಲಿ ನೆಡುತೋಪುಗಳಾಗಿ ಬೆಳೆಸಿದಾಗಲೂ ಇದೇ ರೀತಿ ಚೀಲದ ಆಶ್ರಯದಾತ, ಮಧ್ಯಾವಧಿ ಆಶ್ರಯದಾತ, ದೀರ್ಘಾವಧಿ ಆಶ್ರಯದಾತ ಎಂಬ ಕ್ರಮವನ್ನು ಅನುಸರಿಸಲಾಯಿತು.

7. ಜಮೀನಿನಲ್ಲಿ ಗಮನಿಸಬೇಕಾದ ಅಂಶಗಳು

(1) ಆಶ್ರಯದಾತ ಗಿಡಗಳನ್ನು ಶ್ರೀಗಂಧದ ಜೊತೆಯಲ್ಲಿಯೇ ಅಥವಾ ಅದಕ್ಕೂ ಮುನ್ನ ನೆಡಬೇಕು. ಶ್ರೀಗಂಧ ಸೊರಗಿದ ನಂತರ ನೆಟ್ಟಲ್ಲಿ ಹೊಸ ಗಿಡವು ಬೇರೂರುವಷ್ಟು ಕಾಲಾವಕಾಶ ಸಿಗದಿರಬಹುದು.

(2) ಆಶ್ರಯದಾತ ಗಿಡವು ಶ್ರೀಗಂಧದ ಮೇಲೆ ದಟ್ಟವಾದ ನೆರಳು ಬೀರದಂತೆ ಕೊಂಬೆಗಳನ್ನು ಸವರುತ್ತಿರಬೇಕು. ಎಳೆಯ ಗಿಡಕ್ಕೆ ಅರೆನೆರಳು ಹಿತ. ಬೆಳೆದ ಮರಕ್ಕೆ ಬೆಳಕು ಬೇಕು.

(3) ಶ್ರೀಗಂಧದ ಸಾಲುಗಳ ನಡುವೆ ಆಳವಾಗಿ ಉಳುಮೆ ಮಾಡಬಾರದು. ಹೀರುಬೇರುಗಳಿರುವ ಸಣ್ಣ ಬೇರುಗಳು ಮಣ್ಣಿನ ಮೇಲ್ಪದರದಲ್ಲಿ ಹರಡಿರುತ್ತವೆ. ನೇಗಿಲು ಅಥವಾ ಟ್ರ್ಯಾಕ್ಟರ್ ಹಾಯ್ದಲ್ಲಿ ಕೊಂಡಿಗಳು ಕಡಿದುಹೋಗುತ್ತವೆ.

(4) ಆಶ್ರಯದಾತ ಮರಗಳನ್ನು ಒಮ್ಮೆಲೇ ಕಡಿದು ಮಾರಾಟ ಮಾಡಬಾರದು. ಹೊರಗಿನಿಂದ ಆ ಮರಕ್ಕೂ ಶ್ರೀಗಂಧಕ್ಕೂ ಸಂಬಂಧ ಕಾಣದಿದ್ದರೂ, ಮಣ್ಣಿನೊಳಗೆ ಎರಡೂ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ.

(5) ಶ್ರೀಗಂಧವು ತಾವು ನೆಟ್ಟ ಆಶ್ರಯದಾತ ಗಿಡಗಳಿಂದ ಮಾತ್ರ ಹೀರುವುದೆಂದು ಭಾವಿಸಬಾರದು. ಬೇರು ತಲುಪುವಷ್ಟು ದೂರದಲ್ಲಿರುವ ಹಣ್ಣಿನ ಗಿಡಗಳನ್ನೂ ಅದು ಹಿಡಿಯಬಲ್ಲದು. ತೋಟದ ಬೆಳೆಯೊಂದಿಗೆ ಶ್ರೀಗಂಧ ಬೆಳೆಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡು ಅಂತರವನ್ನು ನಿಗದಿಪಡಿಸಿಕೊಳ್ಳಬೇಕು.

(6) ನೀರು ನಿಲ್ಲದಂತೆ ಬಸಿಗಾಲುವೆ ಮಾಡಬೇಕು. ಬೇಸಿಗೆಯಲ್ಲಿ ಜಮೀನಿನ ಸುತ್ತ ಬೆಂಕಿ ರೇಖೆಯನ್ನು ಸವರಿಡಬೇಕು.

8. ಚೇಗು ಮತ್ತು ಕಾಲಾವಧಿ

ಶ್ರೀಗಂಧದ ಬೆಲೆಯೆಲ್ಲ ಇರುವುದು ಚೇಗಿನಲ್ಲಿ. ಹೊರಗಿನ ಬಿಳಿ ಕಟ್ಟಿಗೆಗೆ ಸುವಾಸನೆ ಇಲ್ಲ. ಸಾಮಾನ್ಯವಾಗಿ ಮರಕ್ಕೆ 10 ರಿಂದ 15 ವರ್ಷಗಳಾಗುವ ವೇಳೆಗೆ ಚೇಗು ಕಟ್ಟಲಾರಂಭಿಸುತ್ತದೆ. ಅಂದರೆ ಅದು ಆರಂಭ ಮಾತ್ರ. ತೈಲದ ಪ್ರಮಾಣ ಮತ್ತು ಗುಣ ಎರಡೂ ಮರದ ವಯಸ್ಸಿನೊಂದಿಗೆ ಹೆಚ್ಚುತ್ತವೆ. ಸಾಂಪ್ರದಾಯಿಕವಾಗಿ 30 ವರ್ಷ ಮೀರಿದ ಮರಗಳನ್ನು ಬಲಿತವೆಂದು ಪರಿಗಣಿಸಲಾಗಿದೆ. ತೈಲಕ್ಕೆ ಪರಿಮಳವನ್ನು ನೀಡುವ ಮುಖ್ಯ ಘಟಕಗಳನ್ನು ಸ್ಯಾಂಟಲಾಲ್‌ಗಳೆಂದು ಕರೆಯುತ್ತಾರೆ. ಬೇರಿನ ಚೇಗಿನಲ್ಲಿ ತೈಲವು ಅಧಿಕವಾಗಿರುವುದರಿಂದ ಶ್ರೀಗಂಧವನ್ನು ಬುಡಕ್ಕೆ ಕಡಿಯದೆ ಬೇರುಸಹಿತ ಅಗೆದು ತೆಗೆಯುವ ಪದ್ಧತಿ ಇದೆ.

ಒಂದೇ ದಿನ ನೆಟ್ಟ ಎರಡು ಮರಗಳಲ್ಲಿ ಚೇಗಿನ ಪ್ರಮಾಣ ಒಂದೇ ಇರುವುದಿಲ್ಲ. ಮಣ್ಣು, ಹವೆ, ವಂಶಗುಣ ಹಾಗೂ ಆಶ್ರಯದಾತ ಗಿಡಗಳಿಗೆ ಅನುಗುಣವಾಗಿ ವ್ಯತ್ಯಾಸವಾಗುತ್ತದೆ. ಆದ್ದರಿಂದ ಇಂತಿಷ್ಟು ವರ್ಷಕ್ಕೆ ಎಕರೆಗೆ ಇಂತಿಷ್ಟು ಕೋಟಿ ರೂಪಾಯಿ ಖಚಿತ ಎಂಬ ಖಾಸಗಿ ಪ್ರಚಾರಗಳನ್ನು ಸಾರ್ವಜನಿಕರು ಪರಿಶೀಲಿಸದೆ ನಂಬಬಾರದು. ಆಶ್ರಯದಾತ ಗಿಡಗಳ ಬಗ್ಗೆ ಒಂದು ಮಾತನ್ನೂ ಹೇಳದೆ ಸಸಿಗಳನ್ನು ಮಾತ್ರ ಮಾರಾಟ ಮಾಡುವವರಿಂದ ಖರೀದಿಸುವ ಮುನ್ನ ಎಚ್ಚರಿಕೆ ವಹಿಸುವುದು ಒಳಿತು.

9. ಸ್ಪೈಕ್ ರೋಗ

ಶ್ರೀಗಂಧಕ್ಕೆ ತಗಲುವ ರೋಗಗಳಲ್ಲಿ ಸ್ಪೈಕ್ ರೋಗವು ಅತ್ಯಂತ ಮಾರಕವಾದುದು. ಇದನ್ನು ಮೊಟ್ಟಮೊದಲು 1899ರಲ್ಲಿ ಕೊಡಗಿನಲ್ಲಿ ಗುರುತಿಸಲಾಯಿತು. ಫೈಟೋಪ್ಲಾಸ್ಮಾ ಎಂಬ, ಕೋಶಭಿತ್ತಿಯಿಲ್ಲದ ಅತಿಸೂಕ್ಷ್ಮ ಜೀವಿಯಿಂದ ಇದು ಬರುತ್ತದೆ ಹಾಗೂ ರಸ ಹೀರುವ ಕೀಟಗಳ ಮೂಲಕ ಮರದಿಂದ ಮರಕ್ಕೆ ಹರಡುತ್ತದೆ. ರೋಗ ತಗುಲಿದ ಮರದಲ್ಲಿ ಎಲೆಗಳು ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಾ, ಗೆಣ್ಣುಗಳು ಹತ್ತಿರವಾಗಿ, ಕೊಂಬೆಗಳು ಕದಿರಿನಂತೆ ಸೆಟೆದು ನಿಲ್ಲುತ್ತವೆ. ಹೂವು, ಹಣ್ಣು ನಿಂತುಹೋಗುತ್ತವೆ. ಮಣ್ಣಿನೊಳಗೆ ಬೇರಿನ ತುದಿಗಳೂ ಹೀರುಬೇರುಗಳೂ ಸಾಯುತ್ತವೆ. ಆಶ್ರಯದಾತದೊಂದಿಗಿನ ಕೊಂಡಿ ಕಳಚಿದ ಮರವು ಕೆಲವೇ ವರ್ಷಗಳಲ್ಲಿ ಒಣಗುತ್ತದೆ. ಮರವನ್ನು ಶಾಶ್ವತವಾಗಿ ಗುಣಪಡಿಸುವ ಚಿಕಿತ್ಸೆ ಬಳಕೆಗೆ ಬಂದಿಲ್ಲ. ಈ ಲಕ್ಷಣಗಳು ಕಂಡುಬಂದಲ್ಲಿ ತಕ್ಷಣ ಸಮೀಪದ ವಲಯ ಅರಣ್ಯ ಕಚೇರಿಯ ಗಮನಕ್ಕೆ ತರುವುದು. ಅಂತಹ ಪ್ರದೇಶದ ಬೀಜ ಅಥವಾ ಸಸಿಗಳನ್ನು ಬೇರೆಡೆಗೆ ಸಾಗಿಸಬಾರದು.

10. ಒಡೆತನ ಮತ್ತು ಕಾನೂನಿನ ಹಿನ್ನೆಲೆ

ಟಿಪ್ಪು ಸುಲ್ತಾನನ ಕಾಲದಲ್ಲಿ, 1792ರಲ್ಲಿ, ಶ್ರೀಗಂಧವನ್ನು ರಾಜವೃಕ್ಷವೆಂದು ಘೋಷಿಸಲಾಯಿತೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಮುಂದೆ ಮೈಸೂರು ಸಂಸ್ಥಾನವೂ ಈ ಏಕಸ್ವಾಮ್ಯವನ್ನು ಮುಂದುವರಿಸಿತು. ಮೊದಲ ಮಹಾಯುದ್ಧದಿಂದ ಕೊರಡುಗಳ ರಫ್ತು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಸಂಸ್ಥಾನದಲ್ಲಿಯೇ ತೈಲ ತೆಗೆಯುವ ಉದ್ಯಮ ಆರಂಭವಾಯಿತು. 1918ರಲ್ಲಿ ಸಾಬೂನಿನ ತಯಾರಿಕೆಯೂ ಮೊದಲಾಯಿತು.

ಖಾಸಗಿ ಜಮೀನಿನಲ್ಲಿ ಹುಟ್ಟಿದ ಶ್ರೀಗಂಧವೂ ಸರ್ಕಾರದ ಸ್ವತ್ತಾಗಿದ್ದ ಕಾಲದಲ್ಲಿ, ಮರವನ್ನು ಕಾಯುವ ಹೊಣೆ ಜಮೀನಿನವರದಾಗಿತ್ತು. ಮರ ಮಾತ್ರ ಅವರದಾಗಿರಲಿಲ್ಲ. ಇದರಿಂದ ಬೇಲಿಯಲ್ಲಿ ತಾನಾಗಿ ಹುಟ್ಟಿದ ಸಸಿಗಳನ್ನು ಉಳಿಸಿಕೊಳ್ಳಲು ರೈತರು ಹಿಂಜರಿಯುವಂತಾಯಿತು. 2001ರಲ್ಲಿ ಕರ್ನಾಟಕ ಅರಣ್ಯ ಅಧಿನಿಯಮ, 1963ಕ್ಕೆ ತಿದ್ದುಪಡಿ ತಂದು, ಜಮೀನಿನ ಮಾಲೀಕರೇ ತಮ್ಮ ಜಮೀನಿನಲ್ಲಿರುವ ಶ್ರೀಗಂಧ ಮರಗಳ ಮಾಲೀಕರೆಂದು ಮಾನ್ಯ ಮಾಡಲಾಯಿತು. ಆ ನಂತರ ಖಾಸಗಿ ಜಮೀನುಗಳಲ್ಲಿ ಶ್ರೀಗಂಧ ಬೆಳೆಯುವ ಆಸಕ್ತಿ ಹೆಚ್ಚಿತು.

ಒಡೆತನ ದೊರೆತಿದ್ದರೂ ಕಟಾವು, ಸಾಗಣೆ ಹಾಗೂ ಮಾರಾಟಗಳು ನಿಯಮಗಳಿಗೆ ಒಳಪಟ್ಟಿವೆ. ಅನುಮತಿಯಿಲ್ಲದೆ ಸ್ವಂತ ಜಮೀನಿನ ಮರವನ್ನಾದರೂ ಕಡಿಯುವುದು ಅಥವಾ ರಹದಾರಿಯಿಲ್ಲದೆ ಸಾಗಿಸುವುದು ಅಪರಾಧವಾಗುತ್ತದೆ. ಈ ನಿಯಮಗಳಿಗೆ ಕಾಲಕಾಲಕ್ಕೆ ತಿದ್ದುಪಡಿಗಳಾಗುವುದರಿಂದ, ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ನಿಯಮ, ನಮೂನೆ ಹಾಗೂ ಶುಲ್ಕಗಳನ್ನು ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳುವುದು. ನೆಟ್ಟ ಮರಗಳ ಸಂಖ್ಯೆಯನ್ನು ಪಹಣಿಯಲ್ಲಿ ನಮೂದಿಸಿಕೊಳ್ಳುವುದು ಮುಂದಿನ ದಿನಗಳಲ್ಲಿ ಒಡೆತನದ ಪುರಾವೆಗಾಗಿ ಅನುಕೂಲವಾಗುತ್ತದೆ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಆಶ್ರಯದಾತ ಗಿಡವಿಲ್ಲದೆ, ಗೊಬ್ಬರ ಮತ್ತು ನೀರು ಕೊಟ್ಟು ಶ್ರೀಗಂಧ ಬೆಳೆಸಲು ಸಾಧ್ಯವೇ?
ಉತ್ತರ: ಸಸಿಯು ಕೆಲಕಾಲ ಬದುಕಬಹುದು. ಮರವಾಗಿ ಬೆಳೆದು ಚೇಗು ಕಟ್ಟಲು ಆಶ್ರಯದಾತ ಗಿಡ ಅವಶ್ಯಕ. ಗೊಬ್ಬರವು ಅದಕ್ಕೆ ಬದಲಿಯಾಗುವುದಿಲ್ಲ.

ಪ್ರಶ್ನೆ: ನೆಟ್ಟ ಎರಡನೆಯ ವರ್ಷ ಗಿಡಗಳ ಎಲೆಗಳು ಹಳದಿಯಾಗಿವೆ. ಇದು ರೋಗವೇ?
ಉತ್ತರ: ರೋಗವೇ ಆಗಿರಬೇಕೆಂದಿಲ್ಲ. ಮೊದಲು ಆಶ್ರಯದಾತ ಗಿಡ ಜೀವಂತವಾಗಿದೆಯೇ, ಸಾಕಷ್ಟು ಹತ್ತಿರದಲ್ಲಿದೆಯೇ ಎಂಬುದನ್ನು ಪರಿಶೀಲಿಸುವುದು. ನೀರು ನಿಂತಿದೆಯೇ ಎಂದೂ ನೋಡುವುದು. ಎಲೆಗಳು ಚಿಕ್ಕದಾಗಿ ಸೆಟೆದು ನಿಂತಿದ್ದಲ್ಲಿ ಕಚೇರಿಗೆ ತಿಳಿಸುವುದು.

ಪ್ರಶ್ನೆ: ಬೇಲಿಯಲ್ಲಿ ತಾನಾಗಿ ಹುಟ್ಟಿದ ಸಸಿಯನ್ನು ಕಿತ್ತು ಬೇರೆಡೆ ನೆಡಬಹುದೇ?
ಉತ್ತರ: ಕಿತ್ತಾಗ ಹೀರುಬೇರುಗಳ ಕೊಂಡಿ ಕಡಿಯುವುದರಿಂದ ಸಸಿ ಸಾಯುವ ಸಂಭವ ಹೆಚ್ಚು. ಅದನ್ನು ಹುಟ್ಟಿದ ಸ್ಥಳದಲ್ಲಿಯೇ, ಸುತ್ತಲಿನ ಪೊದೆಯನ್ನು ಪೂರ್ತಿ ಸವರದೆ, ಉಳಿಸಿಕೊಳ್ಳುವುದು ಮೇಲು.

ಪ್ರಶ್ನೆ: ಬೀಜದಿಂದ ಸಸಿ ಮಾಡಿಕೊಳ್ಳಬಹುದೇ?
ಉತ್ತರ: ಮಾಡಬಹುದು. ತಾಜಾ ಬೀಜಕ್ಕೆ ಸುಮಾರು ಎರಡು ತಿಂಗಳ ಸುಪ್ತಾವಸ್ಥೆ ಇರುತ್ತದೆ. ಅನಂತರ ಬಿತ್ತಬೇಕು. ಬಹಳ ಕಾಲ ಇಟ್ಟ ಬೀಜದ ಮೊಳೆಯುವ ಶಕ್ತಿ ಕುಂದುತ್ತದೆ. ಚೀಲಕ್ಕೆ ವರ್ಗಾಯಿಸುವಾಗಲೇ ತೊಗರಿಯನ್ನೂ ಬಿತ್ತುವುದು.

ಪ್ರಶ್ನೆ: ಶ್ರೀಗಂಧವು ನನ್ನ ಹೊಂಗೆ ಮರಗಳನ್ನು ಒಣಗಿಸುತ್ತದೆಯೇ?
ಉತ್ತರ: ಬಲಿತ ಮರಗಳಿಗೆ ಸಾಮಾನ್ಯವಾಗಿ ಅಂತಹ ಅಪಾಯವಿಲ್ಲ. ಒಂದು ಎಳೆಯ ಆಶ್ರಯದಾತದ ಸುತ್ತ ಹಲವು ಶ್ರೀಗಂಧಗಳನ್ನು ನೆಟ್ಟಲ್ಲಿ ಮಾತ್ರ ಆ ಗಿಡ ಸೊರಗಬಹುದು.

12. ಮುಕ್ತಾಯ

ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಶ್ರೀಗಂಧವನ್ನು ತನ್ನ ಕೆಂಪು ಪಟ್ಟಿಯಲ್ಲಿ ಅಳಿವಿನ ಅಪಾಯಕ್ಕೆ ಈಡಾಗಬಲ್ಲ ಪ್ರಭೇದಗಳ ವರ್ಗಕ್ಕೆ ಸೇರಿಸಿದೆ. ಕಳ್ಳಸಾಗಣೆ, ಬೆಂಕಿ, ಮೇಯುವಿಕೆ ಹಾಗೂ ಸ್ಪೈಕ್ ರೋಗಗಳಿಂದ ಕಾಡಿನ ಶ್ರೀಗಂಧವು ಬಹುವಾಗಿ ಕ್ಷೀಣಿಸಿದೆ. ಈ ಸ್ಥಿತಿಯಲ್ಲಿ ಖಾಸಗಿ ಜಮೀನುಗಳ ಬದು, ಬೇಲಿ, ತೋಟಗಳಲ್ಲಿ ಬೆಳೆಯುವ ಪ್ರತಿಯೊಂದು ಮರಕ್ಕೂ ಮಹತ್ವವಿದೆ.

ಕಾಡಿನಲ್ಲಾಗಲಿ ಜಮೀನಿನಲ್ಲಾಗಲಿ ಶ್ರೀಗಂಧವನ್ನು ಉಳಿಸುವುದೆಂದರೆ ಅದೊಂದೇ ಮರವನ್ನು ಕಾಯುವುದಲ್ಲ. ಅದರ ಸುತ್ತಲಿನ ಪೊದೆ, ಹೊಂಗೆ, ತೊಗರಿಗಳನ್ನೂ ಅದರ ಹಣ್ಣನ್ನು ಹೊತ್ತೊಯ್ಯುವ ಹಕ್ಕಿಗಳನ್ನೂ ಉಳಿಸುವುದಾಗಿದೆ. ಆದ್ದರಿಂದ ಶ್ರೀಗಂಧದ ಸಸಿಗಳಿಗಾಗಿ ಅರ್ಜಿ ಸಲ್ಲಿಸುವವರು ಅದೇ ಸಂದರ್ಭದಲ್ಲಿ ತಮ್ಮ ಜಮೀನಿಗೆ ಹೊಂದುವ ಆಶ್ರಯದಾತ ಸಸಿಗಳ ಬಗ್ಗೆಯೂ ವಿಚಾರಿಸಿ, ಎರಡನ್ನೂ ಒಟ್ಟಿಗೆ ಪಡೆಯಬೇಕಾಗಿ ಕೋರಲಾಗಿದೆ.

ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ತಮ್ಮ ತಾಲ್ಲೂಕಿನ ವಲಯ ಅರಣ್ಯ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಶ್ರೀಗಂಧದ ಸಂಶೋಧನೆಗೆ ಸಂಬಂಧಿಸಿದ ತಾಂತ್ರಿಕ ವಿಷಯಗಳಿಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯನ್ನೂ ಸಂಪರ್ಕಿಸಬಹುದಾಗಿದೆ.